ಕಾಲೇಜು ಕಟ್ಟೆ: ಮೆಂಟರ್ ಹೆಸರು ಬೋರ್ಡಿನಲ್ಲಿದೆ, ಮೇಡಂ ಎಲ್ಲಿ?

ಡಿಗ್ರಿ ಓದುವ ಮಕ್ಕಳ ಮತ್ತು ಅವರ ಮನೆಯವರ ಪ್ರಶ್ನೆಗಳಿಗೆ ಇಲ್ಲಿ ಉತ್ತರ. ಉತ್ತರಿಸುವವರು ಮಂಡ್ಯ ಜಿಲ್ಲೆಯ ಸರ್ಕಾರಿ ಕಾಲೇಜುಗಳಲ್ಲಿ ಕೆಮಿಸ್ಟ್ರಿ ಕಲಿಸಿ ನಿವೃತ್ತರಾದ, ಈಗ ಮೈಸೂರಿನ ಕುವೆಂಪುನಗರದಲ್ಲಿರುವ ಅಧ್ಯಾಪಕಿ.

ಪ್ರಶ್ನೆ: ಮೇಡಂ, ನಾನು ಪಾಂಡವಪುರದ ಹತ್ತಿರದ ಹಳ್ಳಿಯವಳು. ಮೈಸೂರಿನ ಒಂದು ಕಾಲೇಜಿನಲ್ಲಿ ಬಿ.ಎಸ್‌ಸಿ. ಎರಡನೇ ಸೆಮಿಸ್ಟರ್. ದಿನಾ ಬಸ್ಸಿನಲ್ಲಿ ಓಡಾಟ. ಮೊದಲ ಸೆಮಿಸ್ಟರ್‌ನಲ್ಲಿ ಕೆಮಿಸ್ಟ್ರಿ, ಮ್ಯಾಥ್ಸ್ ಎರಡೂ ಹೋದವು. ನಮ್ಮ ದೊಡ್ಡಪ್ಪನ ಮಗಳು ಅಮೆರಿಕದಲ್ಲಿ ಓದುತ್ತಿದ್ದಾಳೆ. ಅವಳಿಗೆ ಅಡ್ವೈಸರ್ ಅಂತ ಒಬ್ಬರಿದ್ದಾರಂತೆ, ಯಾವ ಸಬ್ಜೆಕ್ಟ್ ತಗೋಬೇಕು ಅಂತ ಅವರೇ ಕೂರಿಸಿಕೊಂಡು ಹೇಳ್ತಾರಂತೆ. ನಮ್ಮಲ್ಲಿ ಮೆಂಟರ್ (ಮಕ್ಕಳಿಗೆ ದಾರಿ ತೋರಿಸಬೇಕಾದ ಮೇಷ್ಟ್ರು) ಪಟ್ಟಿ ನೋಟಿಸ್ ಬೋರ್ಡಿನಲ್ಲಿದೆ. ನನ್ನ ಮೆಂಟರ್ ಮೇಡಂ ಒಂದು ಸಲ ಕರೆದು ಪುಸ್ತಕದಲ್ಲಿ ಸಹಿ ಹಾಕಿಸಿಕೊಂಡರು, ಅಷ್ಟೇ. ಬಿ.ಎಸ್‌ಸಿ. ಬಿಟ್ಟು ಬಿ.ಎ.ಗೆ ಹೋಗಿಬಿಡಲಾ?

ಉತ್ತರ: ಇಲ್ಲಮ್ಮ, ಈಗಲೇ ಬೇಡ. ಯಾಕೆ ಅಂತ ಆಮೇಲೆ ಹೇಳುತ್ತೇನೆ. ಮೊದಲು ನಿಮ್ಮ ಅಕ್ಕನ ಅಡ್ವೈಸರ್ ವಿಷಯ.

ಅಮೆರಿಕದ ಹೆಚ್ಚಿನ ಯೂನಿವರ್ಸಿಟಿಗಳಲ್ಲಿ ಡಿಗ್ರಿ ಮಕ್ಕಳು ಪ್ರತಿ ಸೆಮಿಸ್ಟರಿಗೂ ತಮ್ಮ ಕೋರ್ಸುಗಳನ್ನು ತಾವೇ ಆರಿಸಿಕೊಳ್ಳಬೇಕು. ಮುಖ್ಯ ವಿಷಯ ಯಾವುದು ಅಂತ ಹೇಳೋದಕ್ಕೂ ಸಾಮಾನ್ಯವಾಗಿ ಎರಡನೇ ವರ್ಷದವರೆಗೆ ಟೈಮ್ ಇರುತ್ತದೆ. ಹಾಗೆ ಬಿಟ್ಟರೆ ಮಕ್ಕಳು ದಾರಿ ತಪ್ಪುತ್ತಾರೆ. ಅದಕ್ಕೇ ಅಡ್ವೈಸರ್. ಎಷ್ಟೋ ಕಡೆ ಅವರನ್ನು ನೋಡಿ ಬರುವವರೆಗೆ ಮುಂದಿನ ಸೆಮಿಸ್ಟರಿನ ನೋಂದಣಿಯೇ ತೆರೆಯುವುದಿಲ್ಲ. ನಮ್ಮಲ್ಲಿ ಆಯ್ಕೆ ಹೆಚ್ಚುಕಡಿಮೆ ಒಂದೇ ಸಲ, ಅದೂ ಅಡ್ಮಿಷನ್ ಕ್ಯೂನಲ್ಲಿ. ಆ ದಿನ ಪಕ್ಕದಲ್ಲಿ ಅಪ್ಪ ಇರುತ್ತಾರೆ, ಎದುರಿಗೆ ಜೆರಾಕ್ಸ್ ಅಂಗಡಿಯವನು ಇರುತ್ತಾನೆ, ಮೆಂಟರ್ ಇರುವುದಿಲ್ಲ. ಕಾಂಬಿನೇಷನ್ ಬರೆದು ಫೀಸು ಕಟ್ಟಿದ ಮೇಲೆ ಮೆಂಟರ್ ಪಟ್ಟಿ ಬೋರ್ಡಿಗೆ ಬರುತ್ತದೆ. ಈ ತಲೆಕೆಳಗಿನ ವ್ಯವಸ್ಥೆ ಬಗ್ಗೆ ನಾನು ಸ್ಟಾಫ್ ಮೀಟಿಂಗುಗಳಲ್ಲಿ ಮಾತಾಡಿ ಮಾತಾಡಿ ಗಂಟಲು ಒಣಗಿಸಿಕೊಂಡಿದ್ದೇನೆ. ಅಡ್ಮಿಷನ್ ಟೇಬಲ್ ಪಕ್ಕ ಇಬ್ಬರು ಮೇಷ್ಟ್ರು ಒಂದು ವಾರ ಕೂತರೆ ಸಾಕು, ಅರ್ಧ ಫೇಲು ತಪ್ಪುತ್ತದೆ ಅಂತ ನನ್ನ ನಂಬಿಕೆ.

ಇನ್ನು ಆ ಸಹಿ ಪುಸ್ತಕ. ಕಾಲೇಜುಗಳಿಗೆ ಗ್ರೇಡ್ ಕೊಡುವ ನ್ಯಾಕ್‌ಗೆ ಎಷ್ಟು ಮಕ್ಕಳಿಗೆ ಒಬ್ಬ ಮೆಂಟರ್ ಅಂತ ಲೆಕ್ಕ ಕೊಡಬೇಕು. ಅವರು ಬಹುಕಾಲ ಬಳಸಿದ ಏಳು ಮಾನದಂಡಗಳಲ್ಲಿ ಐದನೆಯದು ಇಡೀ ವಿದ್ಯಾರ್ಥಿ ಬೆಂಬಲದ್ದೇ ಆಗಿತ್ತು. ಹಾಗಾಗಿ ನ್ಯಾಕ್ ತಂಡ ಬರುವ ಮುಂಚೆ ಎಲ್ಲ ಕಡೆ ಸಹಿಯ ಸುಗ್ಗಿ. ಇದನ್ನು ನೋಡಿ ನಗುವ ಬದಲು ಉಪಯೋಗಿಸಿಕೊಳ್ಳಿ. ಪುಸ್ತಕದಲ್ಲಿ ನಿಮ್ಮ ಹೆಸರಿದೆ ಅಂದರೆ, ಆ ಮೇಡಂ ಹತ್ತಿರ ಹೋಗಿ ಕೂರುವ ಹಕ್ಕು ನಿಮಗಿದೆ. ಕಾರಿಡಾರಿನಲ್ಲಿ ಅಡ್ಡ ಹಾಕಬೇಡಿ. ಅವರ ಫ್ರೀ ಪೀರಿಯಡ್ ಯಾವುದು ಅಂತ ಟೈಮ್ ಟೇಬಲ್ ನೋಡಿಕೊಂಡು ಹೋಗಿ. ಕೈಯಲ್ಲಿ ಮಾರ್ಕ್ಸ್ ಶೀಟು ಇರಲಿ, ಇಂಟರ್ನಲ್ ಅಂಕಗಳು ಬೇರೆ ಕಾಗದದಲ್ಲಿ ಇರಲಿ. "ಏನು ಮಾಡಲಿ ಮೇಡಂ" ಅಂತ ಕೇಳಿದರೆ "ಚೆನ್ನಾಗಿ ಓದು" ಅಂತ ಉತ್ತರ ಬರುತ್ತದೆ. ಇನ್ನೇನು ಹೇಳಿಯಾರು? "ಈ ಎರಡು ಪೇಪರ್ ಮತ್ತೆ ಯಾವಾಗ ಬರೆಯಬಹುದು, ಫಾರ್ಮ್ ತುಂಬೋದು ಯಾವಾಗ, ರೆಮಿಡಿಯಲ್ ಕ್ಲಾಸ್ ಇದ್ದರೆ ನನ್ನ ಬಸ್ಸಿಗೆ ಮುಂಚೆ ಮುಗಿಯುತ್ತದಾ" ಅಂತ ಕೇಳಿ. ಮೊದಲೆರಡಕ್ಕೆ ಅವರಿಗೂ ಉತ್ತರ ಗೊತ್ತಿಲ್ಲದಿರಬಹುದು. ಆಗ ಪರೀಕ್ಷಾ ವಿಭಾಗದ ಕೇಸ್ ವರ್ಕರ್ ಹತ್ತಿರ ಹೋಗಿ. ಕಾಲೇಜಿನಲ್ಲಿ ತಾರೀಖುಗಳು ನಿಜವಾಗಿ ಗೊತ್ತಿರುವುದು ಅವರೊಬ್ಬರಿಗೇ. ಪ್ರಿನ್ಸಿಪಾಲರೂ ಅವರನ್ನೇ ಕೇಳುವುದು.

ಎರಡು ವಿಷಯ ಹೋದವು ಅಂತ ಒಟ್ಟಿಗೆ ಅಳಬೇಡಿ. ಎರಡೂ ಹೋದ ಕಾರಣ ಬೇರೆ ಬೇರೆ ಇರುತ್ತದೆ. ಮ್ಯಾಥ್ಸ್‌ನಲ್ಲಿ ಲೆಕ್ಕವನ್ನು ಓದಿ ಅರ್ಥ ಮಾಡಿಕೊಂಡು, ಬರೆದು ಅಭ್ಯಾಸ ಮಾಡದೇ ಹೋಗಿರುತ್ತೀರಿ. ಕೆಮಿಸ್ಟ್ರಿಯಲ್ಲಿ ನನಗೆ ಕಂಡಿದ್ದು ಇದು: ಹತ್ತನೇ ಕ್ಲಾಸಿನವರೆಗೆ ಕನ್ನಡದಲ್ಲಿ ಓದಿದ ಮಕ್ಕಳಿಗೆ ಪಾಠ ಗೊತ್ತಿರುತ್ತದೆ, ಪ್ರಶ್ನೆ ಏನು ಕೇಳುತ್ತಿದೆ ಅಂತ ಗೊತ್ತಾಗುವುದಿಲ್ಲ. "ಸ್ಟೇಟ್" (ನಿಯಮವನ್ನಷ್ಟೇ ಹೇಳು) ಅಂತ ಕೇಳಿದರೆ ಒಂದೂವರೆ ಪುಟ ಬರೆಯುತ್ತಾರೆ. "ಡಿರೈವ್" (ಹಂತ ಹಂತವಾಗಿ ಸಾಧಿಸಿ ತೋರಿಸು) ಅಂತ ಕೇಳಿದರೆ ಕೊನೆಯ ಸಮೀಕರಣ ಮಾತ್ರ ಬರೆದು ಬಾಕ್ಸ್ ಹಾಕುತ್ತಾರೆ. "ಡಿಸ್ಟಿಂಗ್ವಿಷ್" (ಎರಡರ ವ್ಯತ್ಯಾಸ ಹೇಳು) ಅಂದರೆ ಒಂದರ ಬಗ್ಗೆ ಬರೆದು ಇನ್ನೊಂದನ್ನು ಬಿಡುತ್ತಾರೆ. ಹಳೇ ಪ್ರಶ್ನೆಪತ್ರಿಕೆ ತೆಗೆದು ಬರೀ ಪ್ರಶ್ನೆಗಳನ್ನು ಮೇಷ್ಟ್ರ ಹತ್ತಿರ ಕೂತು ಓದಿ. ಎರಡು ಮಾರ್ಕಿಗೆ ಎಷ್ಟು ಸಾಲು, ಆರಕ್ಕೆ ಎಷ್ಟು ಅಂತ ಕೇಳಿ. ಮೈಸೂರು ವಿಶ್ವವಿದ್ಯಾನಿಲಯ 1946ರಲ್ಲೇ ಇಂಗ್ಲಿಷ್-ಕನ್ನಡ ನಿಘಂಟು ಹೊರತಂದಿದೆ. ಕಾಲೇಜು ಲೈಬ್ರರಿಯಲ್ಲಿ ಇದ್ದರೂ ಇರಬಹುದು, ಅಲ್ಲಿ ಕೂತು ನೋಡಿ.

ಒಂದು ಎಚ್ಚರಿಕೆ. ಸೀನಿಯರ್ಸ್ ನೋಟ್ಸ್ ಇಸ್ಕೊಂಡು ಓದುವಾಗ ಅವರು ಯಾವ ವರ್ಷ ಸೇರಿದವರು ಅಂತ ನೋಡಿ. 2021ರಿಂದ 2023ರವರೆಗೆ ಸೇರಿದವರದು ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಪಠ್ಯಕ್ರಮ, ನಾಲ್ಕು ವರ್ಷದ ಲೆಕ್ಕ. 2024ರಿಂದ ಸೇರಿದವರಿಗೆ ರಾಜ್ಯ ಸರ್ಕಾರ ಅದನ್ನು ಬಿಟ್ಟು ಮತ್ತೆ ಮೂರು ವರ್ಷದ ಡಿಗ್ರಿ ಮಾಡಿತು. ಒಂದೇ ಕಟ್ಟಡದಲ್ಲಿ ಎರಡು ಕಾನೂನು. ಸೀನಿಯರ್ ಅಕ್ಕ ಪ್ರೀತಿಯಿಂದಲೇ ಹೇಳಿರುತ್ತಾಳೆ, ಆದರೆ ಅದು ಅವಳ ಸಿಲಬಸ್ಸಿನ ಮಾತು.

ಬಿ.ಎ. ಯಾಕೆ ಈಗ ಬೇಡ ಅಂದರೆ, ವರ್ಷದ ನಡುವೆ ಹಾಗೆ ಹಾರಲು ಬರುವುದಿಲ್ಲ. ಕೋರ್ಸು ಬದಲಾಯಿಸುವುದಕ್ಕೆ ಸಾಮಾನ್ಯವಾಗಿ ಸೇರಿದ ಮೊದಲ ಕೆಲವು ವಾರ ಮಾತ್ರ ಅವಕಾಶ. ಈಗ ಬಿಟ್ಟರೆ ಮುಂದಿನ ವರ್ಷ ಹೊಸದಾಗಿ ಸೇರಬೇಕು, ಒಂದು ವರ್ಷ ಹೋಯಿತು ಅಂತಲೇ ಲೆಕ್ಕ. ಹೇಗೂ ಹೋಗುವ ವರ್ಷವಾದರೆ ಈ ಸೆಮಿಸ್ಟರ್ ಪೂರ್ತಿ ಓದಿ, ಬರೆದು, ಫಲಿತಾಂಶ ನೋಡಿ ತೀರ್ಮಾನ ಮಾಡಿ. ಲ್ಯಾಬಿನಲ್ಲಿ ನಿಂತಾಗ ಖುಷಿಯಾಗುತ್ತದಾ ಅಂತಲೂ ನಿಮ್ಮನ್ನೇ ಕೇಳಿಕೊಳ್ಳಿ, ಅದೂ ಲೆಕ್ಕಕ್ಕೆ ಬರಬೇಕು. ಬಿ.ಎ. ಸುಲಭ ಅಂತ ಹೋಗುವುದಾದರೆ ಒಂದು ಎಕನಾಮಿಕ್ಸ್ ಪ್ರಶ್ನೆಪತ್ರಿಕೆ ನೋಡಿ ಹೋಗಿ. ಬಸ್ಸಿನಲ್ಲಿ ಓದಲು ಆಗುತ್ತಿಲ್ಲ ಅಂತ ಪತ್ರದಲ್ಲಿ ಇನ್ನೊಂದು ಕಡೆ ಬರೆದಿದ್ದೀರಿ. ಓದಬೇಡಿ, ನಿದ್ದೆ ಮಾಡಿ.

ಪ್ರಶ್ನೆ: ನಮ್ಮದು ಮಳವಳ್ಳಿ ತಾಲ್ಲೂಕು, ವ್ಯವಸಾಯ. ಮಗ ಮಂಡ್ಯದಲ್ಲಿ ಬಿ.ಕಾಂ. ಓದುತ್ತಾನೆ. ಹೋದ ವರ್ಷದ ಸ್ಕಾಲರ್‌ಶಿಪ್ ಬಂದಿಲ್ಲ. ಜೊತೆಯವರಿಗೆಲ್ಲ ಬಂದಿದೆ. ಕೇಳಿದರೆ "ಎಸ್‌ಎಸ್‌ಪಿ ಸರ್ವರ್ ಪ್ರಾಬ್ಲಂ" ಅನ್ನುತ್ತಾನೆ. ಕಾಲೇಜಿಗೆ ನಾನೇ ಬಂದು ಕೇಳಬಹುದಾ?

ಉತ್ತರ: ಧಾರಾಳವಾಗಿ ಬನ್ನಿ ಯಜಮಾನ್ರೇ. ಆದರೆ ಬರುವ ಮುಂಚೆ ಮನೆಯಲ್ಲೇ ನೋಡಬಹುದಾದ್ದು ಇದೆ. ಸರ್ವರ್ ಮೇಲೆ ತಪ್ಪು ಹಾಕುವುದು ಸುಲಭ. ಜೊತೆಯವರಿಗೆಲ್ಲ ಬಂದಿದ್ದರೆ ಸರ್ವರ್ ಸರಿಯಾಗೇ ಇದೆ ಅಂತ ಅರ್ಥ, ಅಲ್ವಾ?

ಮಗನ ಮೊಬೈಲಿನಲ್ಲಿ ಆ ಎಸ್‌ಎಸ್‌ಪಿ, ಅಂದರೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್ ತೆಗೆಸಿ, ಅರ್ಜಿ ಯಾವ ಹಂತದಲ್ಲಿದೆ ಅಂತ ಓದಿಸಿ. ಅರ್ಜಿ ಹಾಕಿದರೆ ಮುಗಿಯಲಿಲ್ಲ. ದಾಖಲೆಗಳಿಗೆ ಕಾಲೇಜಿನಲ್ಲಿ ಇ-ದೃಢೀಕರಣ ಆಗಬೇಕು. ಅದು ಆಗದೆ ಅರ್ಜಿ ಅಲ್ಲೇ ಕೂತಿರುತ್ತದೆ, ಯಾರೂ ಫೋನ್ ಮಾಡಿ ಹೇಳುವುದಿಲ್ಲ. ಜಾತಿ, ಆದಾಯ ಪ್ರಮಾಣಪತ್ರದ ಮೇಲಿನ ಆರ್‌ಡಿ ನಂಬರ್ ಸರಿ ಹಾಕಿದ್ದಾನಾ ನೋಡಿ. ಆಧಾರ್‌ನಲ್ಲಿ ಹೆಸರಿನ ಹಿಂದೆ ಇನಿಷಿಯಲ್, ಮಾರ್ಕ್ಸ್ ಕಾರ್ಡಿನಲ್ಲಿ ಹೆಸರಿನ ಮುಂದೆ ಇನಿಷಿಯಲ್, ಇಂಥ ಸಣ್ಣ ವ್ಯತ್ಯಾಸಕ್ಕೂ ತೊಡಕಾಗುತ್ತದೆ.

ಎಲ್ಲ ಸರಿಯಿದ್ದು, "ಮಂಜೂರಾಗಿದೆ" ಅಂತ ಬಂದು, ದುಡ್ಡು ಮಾತ್ರ ಬಂದಿಲ್ಲ ಅಂದರೆ ಬ್ಯಾಂಕ್ ಕಡೆ ತಿರುಗಿ. ಈ ಹಣ ಹೋಗುವುದು ಆಧಾರ್ ಯಾವ ಖಾತೆಗೆ ಕೊನೆಯದಾಗಿ ಜೋಡಣೆಯಾಗಿದೆಯೋ ಅಲ್ಲಿಗೆ. ಪಾಸ್‌ಬುಕ್ಕಿಗೆ ಆಧಾರ್ ಜೆರಾಕ್ಸ್ ಕೊಟ್ಟಿದ್ದರೆ ಸಾಲದು, ಬ್ಯಾಂಕಿನಲ್ಲಿ ಎನ್‌ಪಿಸಿಐ ಮ್ಯಾಪಿಂಗ್ (ಆಧಾರ್ ಮೇಲೆ ಬರುವ ದುಡ್ಡು ಈ ಖಾತೆಗೇ ಅನ್ನುವ ಜೋಡಣೆ) ಆಗಿದೆಯಾ ಅಂತಲೇ ಕೇಳಬೇಕು. ಹುಡುಗರು ಸಿಮ್ ತೆಗೆದುಕೊಳ್ಳುವಾಗಲೋ ಇನ್ನೆಲ್ಲೋ ಬೆರಳು ಒತ್ತಿ ಒಂದು ಪೇಮೆಂಟ್ಸ್ ಬ್ಯಾಂಕ್ ಖಾತೆ ತೆರೆದಿರುತ್ತಾರೆ, ತೆರೆದದ್ದೇ ಗೊತ್ತಿರುವುದಿಲ್ಲ. ದುಡ್ಡು ಅಲ್ಲಿ ಹೋಗಿ ಕೂತಿರುತ್ತದೆ. ಗೃಹಲಕ್ಷ್ಮಿ ದುಡ್ಡಿಗೂ ಹೀಗಾದದ್ದು ನಿಮ್ಮ ಬೀದಿಯಲ್ಲೇ ಯಾರಾದರೂ ಹೇಳಿಯಾರು.

ಕಾಲೇಜಿಗೆ ಬಂದಾಗ ಪ್ರಿನ್ಸಿಪಾಲರ ಕೋಣೆಯ ಮುಂದೆ ಕಾಯಬೇಡಿ. ಸ್ಕಾಲರ್‌ಶಿಪ್ ನೋಡುವ ಕೇಸ್ ವರ್ಕರ್ ಯಾರು ಅಂತ ಕೇಳಿ ನೇರ ಅಲ್ಲಿಗೆ ಹೋಗಿ. ಮಗನನ್ನೂ ಜೊತೆಗೆ ಕರೆದುಕೊಂಡು ಹೋಗಿ, ಅವನೇ ಮಾತಾಡಲಿ. ಹಾಸ್ಟೆಲ್ ಸಿಗದೆ ರೂಮು ಮಾಡಿಕೊಂಡಿದ್ದರೆ, ನೀವು ಹಿಂದುಳಿದ ವರ್ಗಕ್ಕೆ ಸೇರಿದ್ದರೆ, ವಿದ್ಯಾಸಿರಿಗೆ (ಊಟ, ವಸತಿಗೆ ಸರ್ಕಾರ ಕೊಡುವ ನೆರವು) ಅರ್ಜಿ ಹಾಕಿದ್ದಾನಾ ಅಂತಲೂ ಅವತ್ತೇ ವಿಚಾರಿಸಿ.

ಪ್ರಶ್ನೆ: ನಾಲ್ಕು ಅಂಕದಲ್ಲಿ ಒಂದು ಪೇಪರ್ ಫೇಲ್. ನಾನು ಚೆನ್ನಾಗಿ ಬರೆದಿದ್ದೆ. ಎಲ್ಲ ಪೇಪರಿಗೂ ರೀವ್ಯಾಲ್ಯುಯೇಷನ್ ಹಾಕು ಅಂತ ಸ್ನೇಹಿತರು ಹೇಳ್ತಾರೆ. ಹಾಕಲಾ? (ಬಿ.ಎ. ವಿದ್ಯಾರ್ಥಿ, ಮದ್ದೂರು)

ಉತ್ತರ: ಎಲ್ಲದಕ್ಕೂ ಹಾಕಿ ದುಡ್ಡು ಕಳೆಯಬೇಡಪ್ಪ. ಆ ಒಂದು ಪೇಪರಿನ ನಕಲು ಪ್ರತಿಗೆ ಮೊದಲು ಅರ್ಜಿ ಹಾಕು. ತಾನು ಬರೆದ ಉತ್ತರ ಪತ್ರಿಕೆ ನೋಡುವ ಹಕ್ಕು ವಿದ್ಯಾರ್ಥಿಗೆ ಇದೆ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಕೈಗೆ ಬಂದ ಮೇಲೆ ಅಂಕಗಳನ್ನು ನೀನೇ ಕೂಡು. ಅಂಕ ಹಾಕದೇ ಬಿಟ್ಟ ಉತ್ತರ ಇದೆಯಾ ಹುಡುಕು. ಆಮೇಲೆ ಆ ವಿಷಯದ ಮೇಷ್ಟ್ರಿಗೆ ತೋರಿಸು. "ಇದಕ್ಕೆ ಇನ್ನೂ ಬರುತ್ತದೆ" ಅಂತ ಅವರು ಅಂದರೆ ಮಾತ್ರ ಮುಂದಿನ ಹೆಜ್ಜೆ. ಎರಡಕ್ಕೂ ಕೊನೇ ದಿನಾಂಕ ಹತ್ತಿರವೇ ಇರುತ್ತದೆ. ಸ್ನೇಹಿತರ ಜೊತೆ ಚರ್ಚೆ ಆಮೇಲೆ ಮಾಡು.

ಪ್ರಶ್ನೆ: ನಾನು ಮಂಡ್ಯ ಜಿಲ್ಲೆಯ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕ. ನಲವತ್ತು ಮಕ್ಕಳನ್ನು ಮೆಂಟರಿಂಗ್‌ಗೆ ಹಾಕಿದ್ದಾರೆ. ಅದರಲ್ಲಿ ಒಬ್ಬ ಹುಡುಗ ದಸರಾ ರಜೆ ಆದಮೇಲೆ ಬರುತ್ತಲೇ ಇಲ್ಲ. ಮೊದಲು ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದವನು. ಫೋನ್ ಎತ್ತಲ್ಲ. ಮೊನ್ನೆ "ಸರ್, ನಂಗೆ ಎಲ್ಲ ಸಾಕಾಗಿದೆ" ಅಂತ ಒಂದು ಮೆಸೇಜ್ ಹಾಕಿದ್ದ. ನನಗೆ ಕೌನ್ಸೆಲಿಂಗ್ ತರಬೇತಿ ಇಲ್ಲ. ಏನು ಮಾಡಲಿ?

ಉತ್ತರ: ಪತ್ರಿಕೆಯವರು ನಿಮ್ಮ ಪತ್ರ ಕೊಟ್ಟ ದಿನವೇ ನಿಮಗೆ ಫೋನಿನಲ್ಲಿ ಹೇಳಿದ್ದೇನೆ. ಇದೇ ಸ್ಥಿತಿಯಲ್ಲಿರುವ ಬೇರೆ ಮೇಷ್ಟ್ರುಗಳಿಗಾಗಿ ಇಲ್ಲೂ ಬರೆಯುತ್ತೇನೆ.

ಆ ಮೆಸೇಜನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಅವತ್ತೇ ಮನೆಗೆ ಹೋಗಬೇಕು, ಆಗದಿದ್ದರೆ ಊರಿನ ಯಾರನ್ನಾದರೂ ಕಳಿಸಬೇಕು. ಸಿಕ್ಕಾಗ ಸುತ್ತಿ ಬಳಸಿ ಮಾತಾಡಬೇಡಿ. "ಸಾಯಬೇಕು ಅನ್ನಿಸ್ತಿದೆಯಾ?" ಅಂತ ನೇರವಾಗಿ ಕೇಳಿ. ಹಾಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತೆ ಆಗುತ್ತದೆ ಅನ್ನುವ ಭಯ ಬೇಡ. ಹಾಗಾಗುವುದಿಲ್ಲ, ಯಾರೋ ಕೇಳಿದರಲ್ಲ ಅಂತ ಹುಡುಗರಿಗೆ ಉಸಿರು ಬರುತ್ತದೆ. ಹೌದು ಅಂದರೆ ಒಬ್ಬನನ್ನೇ ಬಿಡಬೇಡಿ, ಮನೆಯವರಿಗೆ ಹೇಳಿ. ಟೆಲಿ-ಮಾನಸ್ ಅಂತ ಕೇಂದ್ರ ಸರ್ಕಾರದ ಸಹಾಯವಾಣಿ ಇದೆ, ನಂಬರ್ 14416. 2022ರ ಅಕ್ಟೋಬರಿನಲ್ಲಿ ಶುರುವಾದದ್ದು. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಪಕ್ಕದಲ್ಲಿ ಕೂತು ನೀವೇ ಡಯಲ್ ಮಾಡಿ ಕೊಡಿ. ಮಂಡ್ಯದ ಮಿಮ್ಸ್ ಆಸ್ಪತ್ರೆಯಲ್ಲಿ, ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಿ ಮನೋವೈದ್ಯರ ವಿಭಾಗವೇ ಇದೆ. ಡಾಕ್ಟರ ಕೆಲಸ ಡಾಕ್ಟರಿಗೆ ಬಿಡಿ. ತರಬೇತಿ ಇಲ್ಲ ಅನ್ನುವ ನಿಮ್ಮ ಅಳುಕು ಸರಿಯಾದದ್ದೇ. ಅಲ್ಲಿಯವರೆಗೆ ತಲುಪಿಸುವುದಕ್ಕೆ ಮಾತ್ರ ತರಬೇತಿ ಬೇಡ.

ಆ ಗಂಡಾಂತರ ಕಳೆದ ಮೇಲೆ ಓದಿನ ಮಾತು. ಮುಂದಿನ ಬೆಂಚಿನವನು ಬರುವುದು ನಿಲ್ಲಿಸಿದ ಅಂದರೆ, ನಮ್ಮ ಕಡೆ ಮುಕ್ಕಾಲು ಪಾಲು ಮನೆಯಲ್ಲಿ ದುಡ್ಡಿನ ತಾಪತ್ರಯ. ಕಬ್ಬು ಕಡಿಯುವ ಕಾಲದಲ್ಲಿ ಅಪ್ಪನ ಜೊತೆ ಗದ್ದೆಗೆ ಹೋಗುವವರಿದ್ದಾರೆ. ಮೈಸೂರಿಗೆ ಬಂದು ರಾತ್ರಿ ಎರಡರವರೆಗೆ ಫುಡ್ ಡೆಲಿವರಿ ಮಾಡಿ ಬೆಳಗ್ಗೆ ಮೊದಲ ಪೀರಿಯಡ್ ತಪ್ಪಿಸುವವರಿದ್ದಾರೆ. "ಯಾಕೋ ಬಂದಿಲ್ಲ" ಅಂದರೆ "ಹುಷಾರಿರಲಿಲ್ಲ ಸರ್" ಅನ್ನುತ್ತಾರೆ. "ರಾತ್ರಿ ಎಷ್ಟು ಗಂಟೆಗೆ ಮಲಗ್ತೀಯ" ಅಂತ ಕೇಳಿ ನೋಡಿ, ಕಥೆ ಹೊರಗೆ ಬರುತ್ತದೆ.

ಹಾಜರಾತಿ 75 ಪರ್ಸೆಂಟ್ ಬೇಕು. ಒಂದು ಪೇಪರಿಗೆ 60 ಕ್ಲಾಸು ನಡೆದರೆ 45ರಲ್ಲಿ ಇರಬೇಕು, ಅಂದರೆ ತಪ್ಪಿಸಬಹುದಾದ್ದು 15 ಮಾತ್ರ. ಹುಡುಗ ಎಷ್ಟು ತಪ್ಪಿಸಿದ್ದಾನೆ, ಉಳಿದ ಎಷ್ಟು ಕ್ಲಾಸಿಗೆ ಬಂದರೆ ಆಗುತ್ತದೆ ಅಂತ ಒಂದು ಚೀಟಿಯಲ್ಲಿ ಬರೆದು ಅವನ ಕೈಗೆ ಕೊಡಿ. ಹಾಜರಾತಿ ಕಡಿಮೆ ಇದೆ ಅಂತ ಹಾಲ್ ಟಿಕೆಟ್ ಹೊತ್ತಿಗೆ ಹೇಳಿದರೆ ಯಾರಿಗೆ ಏನು ಪ್ರಯೋಜನ? ಆಸ್ಪತ್ರೆಗೆ ಹೋಗಿದ್ದರೆ ಅದರ ಕಾಗದ ಆಗಲೇ ಕಚೇರಿಗೆ ಸೇರಲಿ.

ದುಡಿಯಲೇಬೇಕು, ಬೇರೆ ದಾರಿಯೇ ಇಲ್ಲ ಅಂದರೆ ಮುಕ್ತ ವಿಶ್ವವಿದ್ಯಾನಿಲಯ ಮೈಸೂರಿನ ಮುಕ್ತಗಂಗೋತ್ರಿಯಲ್ಲೇ ಇದೆ, 1996ರಿಂದ. ಬಿ.ಎ., ಬಿ.ಕಾಂ. ಅಲ್ಲಿ ದುಡಿಯುತ್ತಲೇ ಮಾಡಬಹುದು. ಯುಜಿಸಿ (ವಿಶ್ವವಿದ್ಯಾನಿಲಯ ಅನುದಾನ ಆಯೋಗ) ಮಾನ್ಯತೆ ಇರುವ ದೂರಶಿಕ್ಷಣ ಡಿಗ್ರಿಯೂ ಕಾಲೇಜಿನ ಡಿಗ್ರಿಗೆ ಸಮ ಅಂತಲೇ ನಿಯಮ. ಇದನ್ನು ಕೊನೆಯ ದಾರಿಯಾಗಿ ಹೇಳಿ. ಕಾಲೇಜಿನ ಗೆಳೆಯರು ತಪ್ಪಿಹೋದರೆ ಹುಡುಗ ಇನ್ನಷ್ಟು ಒಂಟಿಯಾಗುತ್ತಾನೆ.

ಈಗ ನಿಮ್ಮ ಮಾತು. ಮುಂದಿನ ವರ್ಷ ಇದೇ ಕಾಲೇಜಿನಲ್ಲಿ ಇರುತ್ತೀರೋ ಇಲ್ಲವೋ ಗೊತ್ತಿಲ್ಲದವರ ಮೇಲೆ ನಲವತ್ತು ಮಕ್ಕಳ ಹೊಣೆ ಹಾಕುವುದು ನ್ಯಾಯವಲ್ಲ. ಆದರೂ ಹಾಕುತ್ತಾರೆ. ನಲವತ್ತು ಜನರನ್ನೂ ಕೂರಿಸಿ ಮಾತಾಡುತ್ತೇನೆ ಅಂತ ಹೊರಡಬೇಡಿ, ಆಗುವ ಕೆಲಸವಲ್ಲ. ಸೆಮಿಸ್ಟರ್ ಶುರುವಾಗಿ ಮೂರ್ನಾಲ್ಕು ವಾರಕ್ಕೆ ಹಾಜರಾತಿ ಪುಸ್ತಕ ತೆಗೆಯಿರಿ, ಮೊದಲ ಇಂಟರ್ನಲ್ ಟೆಸ್ಟಿನ ಅಂಕ ಪಕ್ಕದಲ್ಲಿಡಿ. ಎರಡರಲ್ಲೂ ಕೆಳಗಿರುವವರು ಏಳೆಂಟು ಜನ ಸಿಗುತ್ತಾರೆ. ಅವರನ್ನು ಹಿಡಿದುಕೊಳ್ಳಿ. ಚೆನ್ನಾಗಿದ್ದು ಒಮ್ಮೆಲೇ ಜಾರಿದವರನ್ನು ಆ ಪಟ್ಟಿಯ ಮೇಲೆ ಬರೆಯಿರಿ. ನೀವು ಮಾಡಿದ್ದನ್ನು ಎರಡು ಸಾಲಿನಲ್ಲಿ ಪ್ರಿನ್ಸಿಪಾಲರಿಗೆ ಬರೆದು ಕೊಡಿ. ಕೈಯಿಂದ ದುಡ್ಡು ಮಾತ್ರ ಕೊಡಬೇಡಿ. ನಿಮ್ಮ ಸಂಬಳವೇ ಯಾವಾಗ ಬರುತ್ತದೋ ಗೊತ್ತಿರುವುದಿಲ್ಲ.

ಪ್ರಶ್ನೆ: ಕಾಲೇಜಿನ ಕೌನ್ಸೆಲಿಂಗ್ ಸೆಲ್‌ಗೆ ಹೋಗಿ ಬಾ ಅಂತ ಮಗಳಿಗೆ ಹೇಳಿದ್ದಾರೆ. ಯಾರಾದರೂ ನೋಡಿದರೆ ನಾಳೆ ಮದುವೆಗೆ ತೊಂದರೆ ಆಗಲ್ವಾ? (ಒಬ್ಬ ತಾಯಿ, ನಂಜನಗೂಡು)

ಉತ್ತರ: ಹೋಗಿ ಬರಲಿ ತಾಯಿ. ಅಲ್ಲಿ ಪರೀಕ್ಷೆ ಭಯ, ರೂಂಮೇಟ್ ಜಗಳ, ನಿದ್ದೆ ಬರದಿರುವುದು ಇಂಥದ್ದೇ ಜಾಸ್ತಿ. ಕೋಣೆ ಪ್ರಿನ್ಸಿಪಾಲರ ಎದುರಿಗೇ ಇದ್ದು ಹೋಗಲು ಮುಜುಗರ ಅಂದರೆ ಮೇಲೆ ಹೇಳಿದ 14416ಕ್ಕೆ ಮನೆಯಿಂದಲೇ ಮಾತಾಡಲಿ.

ಪ್ರಶ್ನೆ: ನನಗೆ ತೊದಲು. ಕೊನೆಯ ವರ್ಷ, ಸೆಮಿನಾರ್ ಕೊಡಲೇಬೇಕು. ಹೋದ ಸಲ ನನ್ನ ಸರದಿ ಬಂದ ದಿನ ರಜೆ ಹಾಕಿದೆ. ಮೇಷ್ಟ್ರು ಇಂಟರ್ನಲ್‌ನಲ್ಲಿ ಸೊನ್ನೆ ಹಾಕಿದ್ದಾರೆ. (ಬಿ.ಎ. ವಿದ್ಯಾರ್ಥಿ, ಮೈಸೂರು)

ಉತ್ತರ: ಮೈಸೂರಿನಲ್ಲೇ ಇದ್ದುಕೊಂಡು ಆಯಿಷ್‌ಗೆ ಇನ್ನೂ ಹೋಗಿಲ್ಲವೇ? ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಮಾನಸಗಂಗೋತ್ರಿಯಲ್ಲಿದೆ. ತೊದಲಿಗೆ ಚಿಕಿತ್ಸೆ ಬೇಕು ಅಂತ ದೇಶದ ಬೇರೆ ಬೇರೆ ಕಡೆಯಿಂದ ಜನ ಇಲ್ಲಿಗೆ ಬರುತ್ತಾರೆ, ನಾವು ಅದರ ಗೇಟಿನ ಮುಂದೆ ಬಸ್ಸಿನಲ್ಲಿ ಹೋಗುತ್ತಾ ಇರುತ್ತೇವೆ. ಒಪಿಡಿಗೆ ಬೆಳಗ್ಗೆ ಬೇಗ ಹೋಗಿ, ಅರ್ಧ ದಿನ ಇಟ್ಟುಕೊಂಡು ಹೋಗಿ. ಒಂದೇ ವಾರದಲ್ಲಿ ಹೋಗಿಬಿಡುತ್ತದೆ ಅಂತ ಎಣಿಸಬೇಡಿ. ಅಭ್ಯಾಸ ಹೇಳಿಕೊಡುತ್ತಾರೆ, ಅದನ್ನು ದಿನಾ ಮಾಡಬೇಕು.

ಸೊನ್ನೆ ಹಾಕಿದ ಮೇಷ್ಟ್ರಿಗೆ ನಿಮ್ಮ ತೊದಲು ಗೊತ್ತಿತ್ತಾ? ಪತ್ರದಲ್ಲಿ ಬರೆದಿಲ್ಲ. ಗೊತ್ತಿಲ್ಲದಿದ್ದರೆ ನೀವು ತಪ್ಪಿಸಿಕೊಂಡಿರಿ ಅಂತಲೇ ಅವರು ತಿಳಿದಿರುತ್ತಾರೆ. ಹೋಗಿ ಹೇಳಿ. ಹೇಳಲು ಕಷ್ಟವಾದರೆ ಬರೆದು ಕೊಡಿ. ಅಷ್ಟು ಜನರ ಮುಂದೆ ಬೇಡ, ಅವರ ಕೋಣೆಯಲ್ಲಿ ನಾಲ್ಕು ಜನರ ಮುಂದೆ ಕೊಡುತ್ತೇನೆ ಅಂತ ಕೇಳಿ. ಆಯಿಷ್‌ನ ಚೀಟಿ ಇದ್ದರೆ ಕೇಳುವುದು ಇನ್ನೂ ಸಲೀಸು. ಬರೆಯುವುದರಲ್ಲಿ, ಓದುವುದರಲ್ಲಿ ಕಲಿಕೆಯ ತೊಂದರೆ ಇರುವವರಿಗೂ ಅಲ್ಲಿ ಪರೀಕ್ಷೆ ಮಾಡುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆ ತೊಂದರೆಯೂ ಸೇರಿದೆ. ಪ್ರಮಾಣಪತ್ರ ಇದ್ದು ಅರ್ಹರಾದವರಿಗೆ ಪರೀಕ್ಷೆಯಲ್ಲಿ ಗಂಟೆಗೆ 20 ನಿಮಿಷ ಹೆಚ್ಚು ಸಮಯ ಸಿಗುತ್ತದೆ. ಡಿಗ್ರಿ ಮುಗಿಯುವವರೆಗೂ ಇದು ಗೊತ್ತಾಗದೇ ಹೋದ ಮಕ್ಕಳು ಬೇಕಾದಷ್ಟು.

ಪ್ರಶ್ನೆ: ಡಿಗ್ರಿಗೆ ಸೇರಿ ಎರಡು ತಿಂಗಳಿಗೆ ನನಗೆ ನರ್ಸಿಂಗ್ ಸೀಟು ಸಿಕ್ಕಿತು. ಕಾಲೇಜಿನವರು ಮೂರು ವರ್ಷದ ಫೀಸು ಕಟ್ಟಿದರೆ ಮಾತ್ರ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಕೊಡುತ್ತೇವೆ ಅನ್ನುತ್ತಾರೆ. ನರ್ಸಿಂಗ್ ಕಾಲೇಜಿನಲ್ಲಿ ಒರಿಜಿನಲ್ ಕೇಳುತ್ತಿದ್ದಾರೆ. (ಕೆ.ಆರ್. ಪೇಟೆ)

ಉತ್ತರ: ಕೊಡಲೇಬೇಕು. ಒರಿಜಿನಲ್ ಸರ್ಟಿಫಿಕೇಟುಗಳನ್ನು ನೋಡಿ, ತಾಳೆ ಮಾಡಿ ವಾಪಸ್ಸು ಕೊಡಬೇಕು, ಇಟ್ಟುಕೊಳ್ಳಬಾರದು ಅಂತ ಯುಜಿಸಿ 2018ರಲ್ಲೇ ಸೂಚನೆ ಹೊರಡಿಸಿದೆ.

ಕೌಂಟರಿನಲ್ಲಿ ವಾದ ಮಾಡುತ್ತಾ ನಿಲ್ಲಬೇಡಿ. ಅಲ್ಲಿರುವವರಿಗೆ ಕೊಡುವ ಅಧಿಕಾರ ಇರುವುದಿಲ್ಲ. ಪ್ರಿನ್ಸಿಪಾಲರ ಹೆಸರಿಗೆ ಅರ್ಜಿ ಬರೆಯಿರಿ, ಎರಡು ಪ್ರತಿ. ಸೇರಿದ ದಿನ, ಬಿಡುವ ದಿನ, ಅವರ ಹತ್ತಿರ ಇರುವ ದಾಖಲೆಗಳು ಯಾವುವು, ನರ್ಸಿಂಗ್ ಕಾಲೇಜಿನ ಕೊನೇ ದಿನಾಂಕ ಯಾವುದು, ಇಷ್ಟು ಸಾಕು. ಬೈಗುಳ ಬೇಡ. ಒಂದು ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ. ಹಾಕುವುದಿಲ್ಲ ಅಂದರೆ ಅಂಚೆ ಕಚೇರಿಗೆ ಹೋಗಿ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಇಟ್ಟುಕೊಳ್ಳಿ.

ಅದಕ್ಕೂ ಜಗ್ಗದಿದ್ದರೆ, 2023ರ ಯುಜಿಸಿ ನಿಯಮದ ಪ್ರಕಾರ ಕಾಲೇಜಿನಲ್ಲಿ ವಿದ್ಯಾರ್ಥಿ ಕುಂದುಕೊರತೆ ಸಮಿತಿ ಇರಬೇಕು. ದೂರು ತಲುಪಿದ 15 ಕೆಲಸದ ದಿನಗಳಲ್ಲಿ ಆ ಸಮಿತಿ ವರದಿ ಕೊಡಬೇಕು. ಅದು ಒಪ್ಪಿಗೆಯಾಗದಿದ್ದರೆ 15 ದಿನದೊಳಗೆ ವಿಶ್ವವಿದ್ಯಾನಿಲಯದ ಒಂಬುಡ್ಸ್‌ಪರ್ಸನ್‌ಗೆ (ಇಂಥ ದೂರು ವಿಚಾರಿಸಲು ನೇಮಿಸಿದವರು) ಮೇಲ್ಮನವಿ. ನಿಮಗೆ ಅಷ್ಟು ದಿನ ಕಾಯುವ ಪುರುಸೊತ್ತು ಇಲ್ಲ, ಗೊತ್ತು. ಅದಕ್ಕೇ ಅರ್ಜಿಯ ಕೊನೆಯಲ್ಲಿ "ಇದರ ಪ್ರತಿ ವಿಶ್ವವಿದ್ಯಾನಿಲಯದ ಕುಲಸಚಿವರಿಗೆ" ಅಂತ ಒಂದು ಸಾಲು ಸೇರಿಸಿ, ನಿಜವಾಗಲೂ ಕಳಿಸಿ. ಜೊತೆಗೆ ನರ್ಸಿಂಗ್ ಕಾಲೇಜಿಗೂ ಇದೇ ಅರ್ಜಿಯ ನಕಲು ತೋರಿಸಿ, ದಾಖಲೆ ಕೊಡಲು ಸ್ವಲ್ಪ ಸಮಯ ಕೇಳಿ. ಕಟ್ಟಿದ ಫೀಸಿನಲ್ಲಿ ಎಷ್ಟು ವಾಪಸ್ಸು ಬರುತ್ತದೆ ಅನ್ನುವುದು ನೀವು ಬಿಡುತ್ತೇನೆಂದು ಬರೆದು ಕೊಟ್ಟ ತಾರೀಖಿನ ಮೇಲೆ ನಿಂತಿದೆ. ಆದ್ದರಿಂದ ಅರ್ಜಿ ನಾಳೆಯೇ ಹೋಗಲಿ.